ಕಾದ ಯಂತ್ರಕ್ಕೆ ತಂಪಿನ ಚಿಕಿತ್ಸೆ

ಕನಕಪುರ ತಾಲ್ಲೂಕಿನ ಕಬ್ಬಾಳಿನಲ್ಲಿ ಚೈತ್ರದ ಬಿಸಿಲೇರಿತೆಂದರೆ, ಊರಿನ ನೆತ್ತಿಯ ಮೇಲೆ ನಿಂತ ಕಬ್ಬಾಳದುರ್ಗದ ಬಂಡೆ ಕಾದ ಹೆಂಚಾಗುತ್ತದೆ. ಹೊತ್ತಿಳಿದು ಗಾಳಿ ಬೀಸಿದ ಮೇಲೆಯೇ ಅದು ಹಗಲೆಲ್ಲ ಹೀರಿದ ಕಾವನ್ನು ಬಿಟ್ಟುಕೊಡುವುದು. ಅದೇ ಊರಿನ ಮನೆಯೊಂದರ ಮೇಜಿನ ಮೇಲಿರುವ ಕಂಪ್ಯೂಟರಿಗೂ ಇದೇ ನ್ಯಾಯ. ಆದರೆ ಸಂಜೆಯವರೆಗೆ ಕಾಯುವ ವ್ಯವಧಾನ ಬಂಡೆಗುಂಟು, ಯಂತ್ರಕ್ಕಿಲ್ಲ.

ಕಂಪ್ಯೂಟರಿನ ಬುದ್ಧಿಯೆಲ್ಲ ಪ್ರೊಸೆಸರ್ ಎಂಬ ಅಂಗೈಯಗಲದೊಳಗಿನ ಬಿಲ್ಲೆಯಲ್ಲಿದೆ. ಸಾಧಾರಣವಾದದ್ದೊಂದು 65 ವ್ಯಾಟಿನಷ್ಟು ವಿದ್ಯುತ್ತನ್ನುಂಡು, ಉಂಡದ್ದನ್ನು ಕಾವಾಗಿ ಹೊರಹಾಕುತ್ತದೆ. ಅದನ್ನು ಹೀರಿ ಗಾಳಿಗೆ ಒಪ್ಪಿಸುವುದೇ ಅದರ ಮೇಲೆ ಕುಳಿತ ಹೀಟ್‌ಸಿಂಕ್, ಅಂದರೆ ಲೋಹದ ತೆಳು ರೆಕ್ಕೆಗಳ ಶಾಖಹಾರಿ. ಎರಡು ಲೋಹಗಳು ಎಷ್ಟೇ ನಯವಾಗಿದ್ದರೂ ನಡುವೆ ಕಣ್ಣಿಗೆ ಕಾಣದ ಕುಳಿಗಳುಂಟು. ಅಲ್ಲಿ ನಿಂತ ಗಾಳಿ ಶಾಖಕ್ಕೆ ಅಡ್ಡಗೋಡೆ. ಅದನ್ನು ತುಂಬಲೆಂದೇ ಥರ್ಮಲ್ ಪೇಸ್ಟ್ ಎಂಬ ಲೇಪವಿದೆ. ವರ್ಷಗಳು ಕಳೆದಂತೆ ಲೇಪ ಒಣಗುತ್ತದೆ, ರೆಕ್ಕೆಗಳಿಗೆ ಧೂಳು ಮೆತ್ತುತ್ತದೆ. ಕಾವು 100 ಡಿಗ್ರಿ ಸೆಲ್ಸಿಯಸ್ಸಿನ ಸಮೀಪಕ್ಕೆ ಬಂದರೆ ಪ್ರೊಸೆಸರ್ ತನ್ನ ವೇಗವನ್ನು ತಗ್ಗಿಸಿಕೊಂಡು, ಕಡೆಗೆ ತಾನೇ ಆರಿಹೋಗುತ್ತದೆ. ಮನೆಯವರು ಯಂತ್ರ ಸತ್ತಿತೆನ್ನುತ್ತಾರೆ. ವಾಸ್ತವವಾಗಿ ಅದು ಪ್ರಾಣ ಉಳಿಸಿಕೊಂಡಿರುತ್ತದೆ. ಕೊಲ್ಲುವುದು ಅನೇಕ ವೇಳೆ ದುರಸ್ತಿಯ ಆತುರ.

ಮೊದಲು ಧೂಳನ್ನು ತೆಗೆದು ನೋಡತಕ್ಕದ್ದು. ಅಷ್ಟಕ್ಕೇ ಗುಣವಾದರೆ ಒಳಿತು. ಶಾಖಹಾರಿಯನ್ನೇ ಬದಲಿಸುವುದಾದರೆ, ಹೊಸದು ಆ ಪ್ರೊಸೆಸರಿನ ಪೀಠಕ್ಕೂ ಪೆಟ್ಟಿಗೆಯ ಎತ್ತರಕ್ಕೂ ಹೊಂದಬೇಕು. ಯಂತ್ರವನ್ನು ಕೆಲವು ನಿಮಿಷ ನಡೆಸಿದರೆ ಹಳೆಯ ಲೇಪ ಮೆದುವಾಗುತ್ತದೆ. ಬಳಿಕ ಆರಿಸಿ, ವಿದ್ಯುತ್ ತಂತಿಯನ್ನು ಕಿತ್ತು, ಗುಂಡಿಯನ್ನು ಕೆಲವು ಕ್ಷಣ ಒತ್ತಿ ಹಿಡಿದು ಉಳಿದ ವಿದ್ಯುತ್ತನ್ನು ಹರಿಯಬಿಡಬೇಕು. ಪೆಟ್ಟಿಗೆಯ ಬಣ್ಣವಿಲ್ಲದ ಲೋಹವನ್ನು ಮುಟ್ಟಿ, ಮೈಯ ಸ್ಥಾಯೀ ವಿದ್ಯುತ್ತನ್ನು ಕಳೆದುಕೊಳ್ಳಬೇಕು.

ಫ್ಯಾನಿನ ತಂತಿಯನ್ನು ಬಿಡಿಸಿ, ತಿರುಪುಗಳನ್ನು ಎದುರುಬದುರಾಗಿ ಸ್ವಲ್ಪಸ್ವಲ್ಪವೇ ಸಡಿಲಿಸತಕ್ಕದ್ದು. ಅಪಾಯದ ಗಳಿಗೆ ಇನ್ನು ಮುಂದಿನದು. ಶಾಖಹಾರಿಯನ್ನು ನೇರವಾಗಿ ಮೇಲಕ್ಕೆ ಜಗ್ಗಬಾರದು. ಎ.ಎಂ.ಡಿ.ಯವರ ಎಎಂ4 ಪೀಠದಂಥವುಗಳಲ್ಲಿ ಪ್ರೊಸೆಸರೂ ಅಂಟಿಕೊಂಡು ಎದ್ದುಬಂದು, ಅದರ ನವಿರಾದ ಸೂಜಿಕಾಲುಗಳು ಬಾಗಬಹುದು. ಅತ್ತಿತ್ತ ಮೆಲ್ಲಗೆ ತಿರುಚಿದರೆ ಲೇಪದ ಹಿಡಿತ ಸಡಿಲುತ್ತದೆ.

ಹಳೆಯ ಲೇಪವನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ನೆನೆಸಿದ, ಎಳೆ ಬಿಡದ ಬಟ್ಟೆಯಿಂದ ಒರೆಸಿ ಒಣಗಿಸಬೇಕು. ಹೊಸ ಶಾಖಹಾರಿಯ ತಳದಲ್ಲಿ ಪ್ಲಾಸ್ಟಿಕ್ ಪೊರೆಯಿದ್ದರೆ ಸುಲಿಯಬೇಕು. ಲೇಪ ಮೊದಲೇ ಬಳಿದು ಬಂದಿಲ್ಲದಿದ್ದರೆ ಬಟಾಣಿ ಕಾಳಿನಷ್ಟು ನಡುವೆ ಇಟ್ಟರೆ ಸಾಕು. ಮತ್ತೆ ತಿರುಪುಗಳನ್ನು ಎದುರುಬದುರಾಗಿಯೇ, ಸಮನಾಗಿ ಬಿಗಿಯಬೇಕು. ಫ್ಯಾನಿನ ತಂತಿಯನ್ನು ಸಿಕ್ಕಿಸಿದ್ದು ಖಾತ್ರಿಯಾದ ಮೇಲೆಯೇ ಯಂತ್ರವನ್ನು ಚಾಲೂ ಮಾಡಿ, ಕಾವು ಒಂದೇ ಮಟ್ಟದಲ್ಲಿ ನಿಲ್ಲುವುದೇ ಎಂದು ನೋಡತಕ್ಕದ್ದು.

ಪೇಸ್ಟಿನ ಬೆಲೆ ಅಲ್ಪ. ಪ್ರೊಸೆಸರಿನದು ಸಾವಿರಾರು ರೂಪಾಯಿ. ಆ ಯಂತ್ರದಲ್ಲಿ ಮಗಳ ಪಾಠವೋ ರೇಷ್ಮೆಯ ಲೆಕ್ಕವೋ ಅರ್ಧಕ್ಕೆ ನಿಂತಿದ್ದ ಮನೆಯಲ್ಲಿ ಆ ಅರ್ಧಗಂಟೆಯ ತಾಳ್ಮೆಯ ಬೆಲೆ ಎಲ್ಲಕ್ಕೂ ಹೆಚ್ಚು.