ಕಾಣದ ಕಾಯಿಯ ಆಟ

ನಮ್ಮ ಮನೆಗಳಲ್ಲಿ ಬಹುಕಾಲದಿಂದ ನಡೆದುಬಂದಿರುವ ಮಣೆಯಾಟಗಳನ್ನು ನೆನೆದು ನೋಡಿದರೆ ಅವುಗಳೆಲ್ಲಕ್ಕೂ ಸಾಮಾನ್ಯವಾದ ಒಂದು ಲಕ್ಷಣವು ಕಂಡುಬರುತ್ತದೆ. ಚದುರಂಗವಾಗಲಿ, ಪಗಡೆಯಾಗಲಿ, ಚೌಕಾಬಾರವಾಗಲಿ, ಹುಲಿಕಟ್ಟಾಗಲಿ, ಮಣೆಯ ಮೇಲಿರುವುದೆಲ್ಲವೂ ಎರಡು ಪಕ್ಷದವರ ಕಣ್ಣಿಗೂ ಸಮಾನವಾಗಿ ಬೀಳುತ್ತದೆ. ಎದುರಾಳಿಯ ಮನಸ್ಸಿನಲ್ಲಿರುವುದು ಗುಟ್ಟೇ ಹೊರತು ಅವನ ಕಾಯಿಯು ಗುಟ್ಟಲ್ಲ. ದ್ಯೂತದಲ್ಲಿ ಸೋತ ಪಾಂಡವರು ಹದಿಮೂರನೆಯ ವರ್ಷವನ್ನು ಯಾರಿಗೂ ಗುರುತು ಸಿಕ್ಕದಂತೆ ಕಳೆಯಬೇಕಾಯಿತು. ದುರ್ಯೋಧನನ ಚಾರರು ಊರೂರುಗಳನ್ನು ಶೋಧಿಸಿ ಬರಿಗೈಯಲ್ಲಿ ಹಿಂದಿರುಗಿದರು. ಇಂಥ ಕಥೆಯನ್ನು ಮನೆಮನೆಯಲ್ಲಿಯೂ ಹೇಳಿಕೊಂಡು ಬಂದ ನಾವು ಅಡಗುವ ವಿನೋದವನ್ನು ಮಕ್ಕಳ ಕಣ್ಣುಮುಚ್ಚಾಲೆಗೆ ಬಿಟ್ಟುಕೊಟ್ಟು, ಮಣೆಯ ಮೇಲೆ ಮಾತ್ರ ಎಲ್ಲವನ್ನೂ ಬಯಲಾಗಿಯೇ ಇಟ್ಟುಕೊಂಡೆವು.

ಪಾಶ್ಚಾತ್ಯರಲ್ಲಿ ಈ ಗುಪ್ತಸಂಚಾರವು ಮಣೆಗೆ ಏರಿದುದಕ್ಕೆ ಒಳ್ಳೆಯದೊಂದು ನಿದರ್ಶನವೆಂದರೆ, ೧೮೯೯ರಲ್ಲಿ ಇಂಗ್ಲೆಂಡಿನ ಪತ್ರಿಕೋದ್ಯೋಗಿ ಹೆನ್ರಿ ಮೈಕೇಲ್ ಟೆಂಪಲ್ ಎಂಬಾತನು ಕಲ್ಪಿಸಿದ ಕ್ರೀಗ್‌ಸ್ಪೀಲ್ ಎಂಬ ಚದುರಂಗ. ಯುದ್ಧದಾಟವೆಂದು ಈ ಜರ್ಮನ್ ಹೆಸರಿಗೆ ಅರ್ಥ. ಪ್ರಷ್ಯದ ಸೇನಾಧಿಕಾರಿಗಳು ನಕಾಶೆಯ ಮೇಲೆ ಅಭ್ಯಾಸಮಾಡುತ್ತಿದ್ದ ಯುದ್ಧಕ್ರೀಡೆಯಿಂದ ಅದನ್ನು ಎರವಲು ಪಡೆದುದು. ಇದರಲ್ಲಿ ಮಣೆಗಳು ಮೂರು. ಆಟಗಾರರಿಬ್ಬರೂ ತಮ್ಮ ತಮ್ಮ ಮಣೆಯಲ್ಲಿ ತಮ್ಮ ಕಾಯಿಗಳನ್ನು ಮಾತ್ರ ಕಾಣುತ್ತಾರೆ. ಮೂರನೆಯ ಮಣೆಯು ಮಧ್ಯಸ್ಥನದು. ಎರಡು ಬಣ್ಣದ ಕಾಯಿಗಳೂ ಅವನೊಬ್ಬನಿಗೆ ಗೋಚರ. ನಡೆಯು ಸಲ್ಲದಿದ್ದರೆ ಸಲ್ಲದೆನ್ನುವುದು, ಕಾಯಿ ಬಿದ್ದರೆ ಬಿತ್ತೆನ್ನುವುದು, ರಾಜನಿಗೆ ಷಹ ಬಂದರೆ ಯಾವ ದಿಕ್ಕಿನಿಂದ ಬಂದಿತೆಂದು ಸಾರುವುದು, ಇಷ್ಟೇ ಅವನ ಕೆಲಸ. ಆಟವು ಸೊಗಸಾದುದು. ಆದರೆ ತಾನು ಆಡದೆ ಇತರರ ಆಟವನ್ನು ಗಂಟೆಗಟ್ಟಲೆ ಕಾಯುತ್ತ ಕುಳಿತಿರಬಲ್ಲ ವೈರಾಗ್ಯಶಾಲಿಯು ಎಲ್ಲ ಮನೆಗಳಲ್ಲಿಯೂ ದೊರೆಯುವನೆ?

೧೯೮೩ರಲ್ಲಿ ಜರ್ಮನಿಯ ರಾವೆನ್ಸ್‌ಬರ್ಗರ್ ಸಂಸ್ಥೆಯವರು ಹೊರತಂದ ಸ್ಕಾಟ್ಲೆಂಡ್ ಯಾರ್ಡ್ ಎಂಬ ಆಟಕ್ಕೆ ಈ ಮಧ್ಯಸ್ಥನೇ ಬೇಕಿಲ್ಲ. ವರ್ಷದ ಉತ್ತಮ ಆಟಕ್ಕೆಂದು ಜರ್ಮನಿಯಲ್ಲಿ ಕೊಡುವ ಬಹುಮಾನವು ಆ ವರ್ಷವೇ ಅದಕ್ಕೆ ಸಂದಿತು. ಮಣೆಯೆಂದರೆ ಲಂಡನ್ ನಗರದ ನಕಾಶೆ. ಅದರಲ್ಲಿ ಅಂಕಿಯಿಟ್ಟ ಸುಮಾರು ೨೦೦ ನಿಲ್ದಾಣಗಳು; ಅವುಗಳ ನಡುವೆ ಟ್ಯಾಕ್ಸಿ, ಬಸ್ಸು, ನೆಲದೊಳಗಿನ ರೈಲು ಇವುಗಳ ದಾರಿಗಳು. ಒಬ್ಬನು ಮಿಸ್ಟರ್ ಎಕ್ಸ್ ಎಂಬ ತಲೆಮರೆಸಿಕೊಂಡ ಅಪರಾಧಿ; ಸೌಕರ್ಯಕ್ಕಾಗಿ ನಾವು ಅವನನ್ನು ಕಳ್ಳನೆಂದೇ ಕರೆಯೋಣ. ಉಳಿದವರೆಲ್ಲ ಒಂದೇ ಪಕ್ಷದ ಪತ್ತೇದಾರರು. ಅವರ ಕಾಯಿಗಳು ಎಲ್ಲರಿಗೂ ಕಾಣುತ್ತವೆ. ಕಳ್ಳನ ಕಾಯಿಯು ಮಣೆಯ ಮೇಲೆಯೇ ಇರುವುದಿಲ್ಲ. ಆತನು ತಾನು ಸೇರಿದ ನಿಲ್ದಾಣದ ಅಂಕಿಯನ್ನು ಒಂದು ಚಿಕ್ಕ ಪಟ್ಟಿಯಲ್ಲಿ ಬರೆದು, ತಾನು ಹಿಡಿದ ವಾಹನದ ಟಿಕೀಟನ್ನು ಅದರ ಮೇಲೆ ಮುಚ್ಚುತ್ತಾನೆ. ಬಸ್ಸು ಹತ್ತಿದನೆಂಬುದು ತಿಳಿಯಿತು, ಎಲ್ಲಿ ಇಳಿದನೆಂಬುದು ತಿಳಿಯಲಿಲ್ಲ! ೩, ೮, ೧೩, ೧೮ನೆಯ ನಡೆಗಳಾದ ಮೇಲೆ ಮಾತ್ರ ಆತನು ಮುಖ ತೋರಿಸಿ ಮತ್ತೆ ಮಾಯವಾಗತಕ್ಕದ್ದು. ಪತ್ತೇದಾರನೊಬ್ಬನಿಗೆ ಮೂಲ ಆವೃತ್ತಿಯಲ್ಲಿ ಟ್ಯಾಕ್ಸಿಗೆ ೧೦, ಬಸ್ಸಿಗೆ ೮, ರೈಲಿಗೆ ೪ ಟಿಕೀಟುಗಳು. ಅವರು ಖರ್ಚುಮಾಡಿದುದೆಲ್ಲ ಕಳ್ಳನ ಪಾಲು. ಬೆನ್ನಟ್ಟಿದವರ ದುಡ್ಡಿನಲ್ಲಿಯೇ ಓಡುವ ಭಾಗ್ಯ ಅವನದು.

ಈ ಆಟದ ಪೆಟ್ಟಿಗೆಯಲ್ಲಿ ನಮಗೆ ಅತ್ಯಂತ ಪ್ರಿಯವಾದ ವಸ್ತುವೆಂದರೆ ಕಳ್ಳನು ಹಣೆಗೆ ಕಟ್ಟಿಕೊಳ್ಳುವ ಕಣ್ಮರೆ. ಅದು ಟೋಪಿಯ ಮುಂಚಾಚಿನಂಥದು. ನಕಾಶೆಯ ಯಾವ ಮೂಲೆಯನ್ನು ಆತನು ನೋಡುತ್ತಿರುವನೆಂದು ಇತರರು ಕಂಡುಹಿಡಿಯದಿರಲೆಂದು ಅದನ್ನು ಇಟ್ಟಿದ್ದಾರೆ. ಕೈ ಸುಮ್ಮನಿದ್ದರೂ ಕಣ್ಣು ಗುಟ್ಟನ್ನು ಬಿಟ್ಟುಕೊಡುವುದೆಂಬ ಮನುಷ್ಯಸ್ವಭಾವವನ್ನು ಬಲ್ಲವರೇ ಈ ಉಪಾಯವನ್ನು ಮಾಡಿರಬೇಕು.

ಮಧ್ಯಸ್ಥನ ಸ್ಥಾನಕ್ಕೆ ಬಂದುದಾದರೂ ಏನು? ಕಳ್ಳನಾದವನ ಪ್ರಾಮಾಣಿಕತೆ. ಪಟ್ಟಿಯಲ್ಲಿ ಬರೆದುದು ಅವನಿಗೊಬ್ಬನಿಗೇ ಗೊತ್ತು. ಆಟ ಮುಗಿಯುವವರೆಗೆ ಇತರರು ಅದನ್ನು ನಂಬಿಯೇ ನಡೆಯಬೇಕು. ಕಡೆಯಲ್ಲಿ ಟಿಕೀಟುಗಳನ್ನೆತ್ತಿ ಒಂದೊಂದೇ ನಡೆಯನ್ನು ತಾಳೆನೋಡುವ ಪದ್ಧತಿಯುಂಟು. ನಮ್ಮ ಮನೆಯಲ್ಲಿ ಹನ್ನೊಂದು ವರ್ಷದ ಮೊಮ್ಮಗಳು ಒಮ್ಮೆ ಕಳ್ಳನಾಗಿದ್ದಾಗ ಹೀಗೆ ತಾಳೆನೋಡಲಾಗಿ, ನಡುವೆ ಒಂದೆಡೆ ಬಸ್ಸಿನ ದಾರಿಯೇ ಇಲ್ಲದ ನಿಲ್ದಾಣಕ್ಕೆ ಅವಳು ಬಸ್ಸಿನ ಟಿಕೀಟು ಕೊಟ್ಟು ಹೋಗಿರುವುದು ಕಂಡಿತು. ಮುಕ್ಕಾಲು ಗಂಟೆಯ ಕಾಲ ಪತ್ತೇದಾರರು ನಗರದ ಬೇರೊಂದು ಭಾಗದಲ್ಲಿ ಹುಡುಕಿದ್ದರು. ಮೋಸವೆಂದು ಅಣ್ಣಂದಿರು ಕೂಗಿದರು. ಗೆರೆಯ ಬಣ್ಣ ಗುರುತಾಗಲಿಲ್ಲವೆಂದು ಹುಡುಗಿಯು ಅತ್ತಳು. ಪ್ರಮಾದವೂ ಮೋಸವೂ ಕಾಗದದ ಮೇಲೆ ಒಂದೇ ಅಂಕಿಯಾಗಿ ಕಾಣುತ್ತವೆಯಷ್ಟೆ. ಒಳಗಿನದನ್ನು ಅಳೆಯುವ ಕೋಲು ಯಾರಲ್ಲಿದೆ? ಅವಳ ಅಜ್ಜಿಯು ಈ ವಾದಗಳೊಂದನ್ನೂ ಕೇಳದೆ, ಮರುದಿನದ ಆಟದಲ್ಲಿಯೂ ಆ ಹುಡುಗಿಯೇ ಕಳ್ಳನಾಗತಕ್ಕದ್ದೆಂದು ತೀರ್ಪು ಕೊಟ್ಟು ಒಳಗೆ ಹೋದರು. ಮರುದಿನ ಅವಳು ಒಂದೊಂದು ಗೆರೆಯನ್ನೂ ಬೆರಳಿಟ್ಟು ನೋಡಲು ಹೋಗಿ, ಬೆರಳಿನಿಂದಲೇ ಸಿಕ್ಕಿಬಿದ್ದಳು.

ಇದೇ ಆಟವನ್ನು ರಾವೆನ್ಸ್‌ಬರ್ಗರಿನವರು ಮೊಬೈಲು, ಟ್ಯಾಬ್ಲೆಟ್ಟುಗಳಿಗೂ ಅಳವಡಿಸಿ ಹೊರತಂದರು. ಕೈಯಲ್ಲಿ ಹಿಡಿಯುವ ನಿಂಟೆಂಡೊ ಡಿಎಸ್ ಎಂಬ ಆಟದ ಯಂತ್ರಕ್ಕೂ ಅದು ಬಂದಿತ್ತು. ಯಂತ್ರದಲ್ಲಿ ಮೇಲೆ ಹೇಳಿದ ಪ್ರಮಾದಕ್ಕೆ ಆಸ್ಪದವೇ ಇಲ್ಲ. ಇಲ್ಲದ ದಾರಿಯನ್ನು ಮುಟ್ಟಿದರೆ ಕಾಯಿಯು ಕದಲುವುದಿಲ್ಲ. ಪಟ್ಟಿಯನ್ನು ಯಂತ್ರವೇ ಬರೆಯುತ್ತದೆ. ಟೆಂಪಲ್ಲನ ಮಧ್ಯಸ್ಥನು ಬೇಸರವಿಲ್ಲದ, ನಿದ್ರೆಯಿಲ್ಲದ ಹೊಸ ಅವತಾರವನ್ನು ಎತ್ತಿ ಬಂದನೆಂದೇ ಹೇಳಬಹುದು. ಮಕ್ಕಳೊಬ್ಬೊಬ್ಬರು ಒಂದೊಂದು ದೇಶದಲ್ಲಿ ನೆಲಸಿರುವ ಈ ಕಾಲದಲ್ಲಿ, ದೂರದಲ್ಲಿದ್ದುಕೊಂಡೇ ಆಡುವವರಿಗೆ ಇಂಥ ಮಧ್ಯಸ್ಥನಿಂದಾಗುವ ಉಪಕಾರವು ಸಾಮಾನ್ಯವಾದುದಲ್ಲ. ಹೊಸದೆಂದ ಮಾತ್ರಕ್ಕೆ ಅದನ್ನು ಹಳಿಯತಕ್ಕ ವೃದ್ಧರ ಗುಂಪಿಗೆ ನಾವು ಸೇರಿದವರಲ್ಲ.

ಆದರೆ ಇಲ್ಲಿ ವಿಚಾರಿಸತಕ್ಕ ಸಂಗತಿಯೊಂದುಂಟು. ಒಬ್ಬರೇ ಕುಳಿತು ಆಡುವಾಗ ನಾವು ಕಳ್ಳರಾದರೆ ಯಂತ್ರವು ಪತ್ತೇದಾರನಾಗುತ್ತದೆ. ನಮ್ಮ ಅಂಕಿಯನ್ನು ತನ್ನ ಹೊಟ್ಟೆಯಲ್ಲಿ ಬಚ್ಚಿಟ್ಟುಕೊಂಡಿರುವುದೂ ಅದೇ, ಅದನ್ನು ಹುಡುಕುವುದೂ ಅದೇ. ಅದು ಇಣಿಕಿ ನೋಡುವುದಿಲ್ಲವೆಂಬ ಭರವಸೆಯೇನು? ಮೊಮ್ಮಗಳ ಮೇಲಿಡುತ್ತಿದ್ದ ನಂಬಿಕೆಯನ್ನು ಈಗ ನಾವು ಕಂಡರಿಯದ, ಆ ಯಂತ್ರಕ್ಕೆ ಕ್ರಮವನ್ನು ಬರೆದುಕೊಟ್ಟ ಒಬ್ಬಾತನ ಮೇಲೆ ಇಡುತ್ತಿದ್ದೇವೆ.

ಇಣಿಕದೆ ಹುಡುಕುವಂತೆ ಯಂತ್ರಕ್ಕೆ ಕಲಿಸುವುದು ಸಾಧ್ಯವೆಂಬುದೇನೋ ಸಿದ್ಧವಾಗಿದೆ. ನೆದರ್ಲೆಂಡ್ಸ್ ದೇಶದ ಮಾಸ್ಟ್ರಿಕ್ಟ್ ವಿಶ್ವವಿದ್ಯಾನಿಲಯದ ಪಿಮ್ ನೈಸೆನ್, ಮಾರ್ಕ್ ವಿನಾಂಡ್ಸ್ ಎಂಬ ವಿದ್ವಾಂಸರು ಈ ಆಟವನ್ನೇ ಶೋಧನೆಯ ವಿಷಯವನ್ನಾಗಿ ಮಾಡಿಕೊಂಡು, ೨೦೧೨ರಲ್ಲಿ ತಮ್ಮ ಪ್ರಬಂಧವನ್ನು ಪ್ರಕಟಿಸಿದರು. ಅವರ ಕ್ರಮದಲ್ಲಿ ಗಣಕವು ಕಳ್ಳನು ಇರಬಹುದಾದ ನಿಲ್ದಾಣಗಳನ್ನೆಲ್ಲ ಪಟ್ಟಿಮಾಡಿಕೊಂಡು, ಅವುಗಳಲ್ಲೊಂದನ್ನು ಊಹಿಸಿ, ಆಟವನ್ನು ತನ್ನೊಳಗೇ ಕೊನೆಯವರೆಗೆ ಆಡಿ ನೋಡುತ್ತದೆ. ಬಳಿಕ ಮತ್ತೊಂದನ್ನು ಊಹಿಸುತ್ತದೆ. ಹೀಗೆ ಸಹಸ್ರಾರು ಸಲ. ಪತ್ತೇದಾರರಿಗೆ ಅಂಟಿಕೊಂಡಿರುವ ನಿಲ್ದಾಣದಲ್ಲಿ ಕಳ್ಳನಿರುವುದು ಅಪೂರ್ವವೆಂಬಂಥ ಹಿಂದಿನ ಆಟಗಳ ಅನುಭವವನ್ನೂ ಊಹೆಗೆ ಬೆರೆಸುತ್ತದೆ. ನಿಂಟೆಂಡೊ ಯಂತ್ರದ ಆಟಗಾರನಿಗಿಂತ ಇದು ಚೆನ್ನಾಗಿಯೇ ಆಡಿತು.

ಆ ಪ್ರಬಂಧದಲ್ಲಿ ನಮ್ಮ ಮನಸ್ಸನ್ನು ಸೆಳೆದುದು ಇನ್ನೊಂದು ಅಂಶ. ಯಾರು ಹಿಡಿದರೂ ಗೆಲವು ಎಲ್ಲರಿಗೂ ಸಮವೆಂದು ಇಟ್ಟಾಗ, ಗಣಕದ ಪತ್ತೇದಾರರು ಒಬ್ಬರನ್ನೊಬ್ಬರು ನೆಮ್ಮಿ ಸೋಮಾರಿಗಳಾದರು. ಹೇಗೂ ಇನ್ನೊಬ್ಬನು ಹಿಡಿಯುವನೆಂದು ಪ್ರತಿಯೊಬ್ಬನೂ ಅಲೆದಾಡತೊಡಗಿದನು. ಅದಕ್ಕೆ ಆ ವಿದ್ವಾಂಸರು, ತಾನೇ ಹಿಡಿದರೆ ಪೂರ್ಣ ಫಲ, ಜೊತೆಯವನು ಹಿಡಿದರೆ ಕೊಂಚ ಕಡಿಮೆ ಎಂದು ಏರ್ಪಡಿಸಿದರು. ಕಡಿತವನ್ನು ಅತಿಮಾಡಿದರೆ ಸ್ವಾರ್ಥವು ಹೆಚ್ಚಿ ಒಗ್ಗಟ್ಟು ಮುರಿಯುವುದಂತೆ. ಮಕ್ಕಳನ್ನು ಗುಂಪುಮಾಡಿ ಕೆಲಸಕ್ಕೆ ಹಚ್ಚಿದ ಯಾವ ಉಪಾಧ್ಯಾಯನಿಗಾದರೂ ಇದರಲ್ಲಿ ತನ್ನ ತರಗತಿಯೇ ಕಾಣದಿರದು.

ಈ ಜಾತಿಯ ಆಟಗಳು ಇನ್ನೂ ಕೆಲವಿವೆ. ಬ್ರಾಮ್ ಸ್ಟೋಕರನ ೧೮೯೭ರ ಕಾದಂಬರಿಯನ್ನು ಅವಲಂಬಿಸಿ, ಡ್ರಾಕುಲನನ್ನು ಬೇಟೆಗಾರರು ಯೂರೋಪಿನಲ್ಲೆಲ್ಲ ಬೆನ್ನಟ್ಟುವ ಫ್ಯೂರಿ ಆಫ್ ಡ್ರಾಕುಲ ಎಂಬುದು ೧೯೮೭ರಲ್ಲಿ ಹುಟ್ಟಿತು. ನಿಯಮಗಳು ಹಲವಾಗಿ, ಲೆಕ್ಕವು ತೊಡಕಾಗಿರುವ ಆಟವದು. ೨೦೨೦ರಲ್ಲಿ ನೊಮಾಡ್ ಗೇಮ್ಸ್ ಎಂಬವರು ಅದನ್ನು ಗಣಕಕ್ಕೆ ತಂದಾಗ ಆ ಹೊರೆಯು ಯಂತ್ರದ ಹೆಗಲಿಗೇರಿತು. ಲಂಡನ್ನಿನ ವೈಟ್‌ಚಾಪೆಲ್ಲಿನಲ್ಲಿ ೧೮೮೮ರಲ್ಲಿ ನಡೆದ ಸ್ತ್ರೀಹತ್ಯೆಗಳನ್ನು ವಸ್ತುವಾಗುಳ್ಳ ಮತ್ತೊಂದು ಆಟವೂ ಇದೆ. ಎಷ್ಟೇ ಚಾತುರ್ಯವಿದ್ದರೂ ಅದನ್ನು ಮಕ್ಕಳ ಮುಂದೆ ಹರಡಲು ನಮಗೆ ಮನಸ್ಸಿಲ್ಲ. ಸತ್ತವರು ನಿಜವಾದ ಹೆಂಗಸರು.

ಮನೆಯವರೆಲ್ಲ ಒಂದೆಡೆ ಕುಳಿತು ಒಂದೇ ಮೊಬೈಲಿನಲ್ಲಿ ಆಡಹೊರಟರೆ ಬೇರೊಂದು ತೊಂದರೆ. ಮಣೆಯ ಆಟದಲ್ಲಿ ಗುಟ್ಟು ಚೀಟಿಯಲ್ಲಿತ್ತು, ನಕಾಶೆಯು ಎಲ್ಲರ ಮುಂದಿತ್ತು. ಇಲ್ಲಿ ಎರಡೂ ಒಂದೇ ಗಾಜಿನ ಮೇಲೆ ಮೂಡುವುದರಿಂದ ಕಳ್ಳನ ಸರದಿಯಲ್ಲಿ ಇತರರೆಲ್ಲ ಮುಖ ತಿರುಗಿಸಬೇಕು. ಕಣ್ಮರೆಯನ್ನು ಒಬ್ಬನ ಹಣೆಯಿಂದ ತೆಗೆದು ಎಲ್ಲರ ಹಣೆಗೂ ಕಟ್ಟಿದಂತಾಯಿತು. ಕಳ್ಳನಿಗೊಂದು ಯಂತ್ರ, ಪತ್ತೇದಾರರಿಗೆ ಮತ್ತೊಂದು, ಹೀಗೆ ಎರಡಿದ್ದರೆ ಮಾತ್ರ ಆಟವು ಸರಾಗ.

ಒಂದೇ ಸೂರಿನಡಿಯಲ್ಲಿರುವವರು ಹಲಗೆಯ ಮೇಲೆಯೇ ಆಡುವುದು ಲೇಸೆಂಬುದು ನಮ್ಮ ಪಕ್ಷ. ದೂರದಲ್ಲಿರುವವರಿಗಾಗಿ ಯಂತ್ರದ ಆಟವನ್ನು ಕೊಳ್ಳುವ ಗೃಹಸ್ಥರು ಒಂದನ್ನು ಪರೀಕ್ಷಿಸಿ ಕೊಳ್ಳಬೇಕು. ಆಟವು ಮುಗಿದ ಮೇಲೆ ಕಳ್ಳನು ನಡೆದ ದಾರಿಯನ್ನು ಮೊದಲಿನಿಂದ ಕಡೆಯವರೆಗೆ ಬಿಚ್ಚಿ ತೋರಿಸುವುದೋ ಇಲ್ಲವೋ ನೋಡಿರಿ. ಗೆದ್ದವರ ಹೆಸರನ್ನು ಸಾರಿ ಪಟ್ಟಿಯನ್ನು ನುಂಗಿಬಿಡುವುದಾದರೆ, ಟಿಕೀಟುಗಳನ್ನು ಎತ್ತಿನೋಡುತ್ತ, ‘ಆಗ ನೀನು ಇಲ್ಲಿಯೇ ಇದ್ದೆಯಾ!’ ಎಂದು ಎಲ್ಲರೂ ಉದ್ಗರಿಸುವ ಆ ಹತ್ತು ನಿಮಿಷಗಳು ನಿಮಗೆ ದೊರೆಯುವುದಿಲ್ಲ.