ಸೂಜಿಗಲ್ಲಿನ ಮೊರ

ಅಕ್ಕಿಯನ್ನು ಕೇರಿ, ಜರಡಿಯಾಡಿ, ಕಲ್ಲನ್ನಾರಿಸಿ ಒಲೆಗೇರಿಸುವ ಕ್ರಮವನ್ನು ನಾವೆಲ್ಲರೂ ಮನೆಗಳಲ್ಲಿ ನೋಡಿಯೇ ಬೆಳೆದಿರುವೆವಷ್ಟೆ. ಮೊರವು ಹಗುರವಾದ ಹೊಟ್ಟನ್ನು ಹಾರಿಸುತ್ತದೆ. ಜರಡಿಯು ಗಾತ್ರವನ್ನು ನೋಡಿ ನುಚ್ಚನ್ನು ಕೆಳಗಿಳಿಸುತ್ತದೆ. ಅಕ್ಕಿಯಷ್ಟೇ ಗಾತ್ರದ ಕಲ್ಲಿಗೆ ಮಾತ್ರ ಕಣ್ಣು ಬೆರಳುಗಳೇ ಗತಿ. ಆದರೆ ಆರಿಸಬೇಕಾದ ವಸ್ತುವು ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾಗಿದ್ದು, ಬೇಕಾದುದೂ ಬೇಡವಾದುದೂ ನೋಟಕ್ಕೆ ಒಂದೇ ತೆರನಾಗಿದ್ದರೆ ಏನು ಮಾಡತಕ್ಕದ್ದು? ಈ ಪ್ರಶ್ನೆಗೆ ಉತ್ತರವನ್ನು ಕಳೆದ ಮಾಘಮಾಸದಲ್ಲಿ ಬೆಂಗಳೂರಿನ ಒಂದು ಪ್ರಯೋಗಶಾಲೆಯಲ್ಲಿ ಕಣ್ಣಾರೆ ಕಂಡೆವು. ಅಲ್ಲಿ ಕಂಡುದನ್ನೂ, ಅಲ್ಲಿ ನಡೆದ ಒಂದು ಸಣ್ಣ ಪ್ರಸಂಗವನ್ನೂ ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ನಮ್ಮ ತಂಗಿಯ ಮಗಳು ಆ ಪ್ರಯೋಗಶಾಲೆಯಲ್ಲಿ ಸಂಶೋಧನೆ ಮಾಡುತ್ತಾಳೆ. ರಕ್ತದ ಅರ್ಬುದಕ್ಕೆ ಚಿಕಿತ್ಸೆ ಪಡೆಯುವ ಮಕ್ಕಳಲ್ಲಿ ರೋಗವನ್ನೆದುರಿಸುವ ಕೋಶಗಳು ಹೇಗೆ ಮರಳಿ ಚೇತರಿಸಿಕೊಳ್ಳುತ್ತವೆಂಬುದು ಅವಳ ಅಭ್ಯಾಸದ ವಿಷಯ. ನಾವು ಹೋದ ದಿನ ಅವಳ ಕೈಯಲ್ಲಿ ಐದು ಮಿಲಿಲೀಟರಿನಷ್ಟು, ಎಂದರೆ ಒಂದು ಚಹದ ಚಮಚೆಯಷ್ಟು, ರಕ್ತವಿದ್ದಿತು. ಚಿಕಿತ್ಸೆಯಲ್ಲಿದ್ದ ಒಂದು ಮಗುವಿನಿಂದ, ತಾಯಿಯ ಒಪ್ಪಿಗೆಯನ್ನು ಪಡೆದು, ಆಸ್ಪತ್ರೆಯವರು ತೆಗೆದುಕೊಟ್ಟದ್ದು ಅದು.

ಆರೋಗ್ಯವಂತರಲ್ಲಾದರೆ ಅಷ್ಟು ರಕ್ತದಲ್ಲಿ ಕೆಂಪು ಕಣಗಳು ಸುಮಾರು 2,500 ಕೋಟಿ. ಬಿಳಿಯ ಕೋಶಗಳು 2ರಿಂದ 5 ಕೋಟಿ. ಚಿಕಿತ್ಸೆಯಲ್ಲಿರುವ ಮಗುವಿನಲ್ಲಿ ಬಿಳಿಯವು ಇನ್ನೂ ವಿರಳ. ಆ ಬಿಳಿಯವುಗಳಲ್ಲಿಯೂ ಅವಳಿಗೆ ಬೇಕಾದುದು 'ಟಿ' ಕೋಶಗಳೆಂಬ ಒಂದು ಜಾತಿ ಮಾತ್ರ. ರಕ್ತವನ್ನು ಅದಕ್ಕಿಂತ ಸಾಂದ್ರವಾದ ಒಂದು ದ್ರವದ ಮೇಲೆ ಮೆಲ್ಲನೆ ನಿಲ್ಲಿಸಿ ವೇಗವಾಗಿ ತಿರುಗಿಸಿದರೆ ಕೆಂಪು ಕಣಗಳು ತಳಕ್ಕಿಳಿದು, ಬೇಕಾದ ಬಿಳಿಯ ಕೋಶಗಳು ನಡುವೆ ಕೆನೆಯ ಪದರದಂತೆ ನಿಲ್ಲುತ್ತವೆ. ಇಲ್ಲಿಯವರೆಗೆ ಮೊರದ ಕೆಲಸ. ಇನ್ನು ಮುಂದಿನದು ಸೂಜಿಗಲ್ಲಿನದು.

ಒಂದೊಂದು ಜಾತಿಯ ಕೋಶದ ಮೈಮೇಲೆ ಅದರದೇ ಆದ ಗುರುತುಗಳಿರುತ್ತವೆ. ಆ ಗುರುತಿಗೇ ಹೋಗಿ ಅಂಟಿಕೊಳ್ಳುವ ವಸ್ತುವಿಗೆ ಪ್ರತಿಕಾಯವೆಂದು ಹೆಸರು. ಒಂದೇ ಗುರುತಿಗೆ ಅಂಟುವ ಪ್ರತಿಕಾಯಗಳನ್ನು ಬೇಕಾದಷ್ಟು ತಯಾರಿಸುವ ಉಪಾಯವನ್ನು ಕೋಲರ್ ಮತ್ತು ಮಿಲ್‌ಸ್ಟೈನ್ ಎಂಬ ವಿದ್ವಾಂಸರು 1975ರಲ್ಲಿ ಪ್ರಕಟಿಸಿ, 1984ರಲ್ಲಿ ನೊಬೆಲ್ ಪಾರಿತೋಷಕಕ್ಕೆ ಪಾತ್ರರಾದರು. ಇಂತಹ ಪ್ರತಿಕಾಯಕ್ಕೆ ಕಬ್ಬಿಣದ ಆಕ್ಸೈಡಿನ ಅತಿಸೂಕ್ಷ್ಮ ಕಣವೊಂದನ್ನು ಜೋಡಿಸಿದರೆ, ಪ್ರತಿಕಾಯವು ಹಿಡಿದ ಕೋಶಕ್ಕೆ ಕಬ್ಬಿಣದ ಆಭರಣವನ್ನು ತೊಡಿಸಿದಂತಾಗುತ್ತದೆ. ಆ ಕಣದ ಅಡ್ಡಳತೆ ಸುಮಾರು 50 ನ್ಯಾನೋಮೀಟರು. ಕೋಶದ ಅಗಲದ ನೂರರಲ್ಲೊಂದು ಪಾಲಿಗಿಂತಲೂ ಕಿರಿದು. ಜರ್ಮನಿಯ ಸ್ಟೆಫಾನ್ ಮಿಲ್ಟೆನಿ ಮತ್ತು ಅವರ ಸಹೋದ್ಯೋಗಿಗಳು ಈ ಕ್ರಮವನ್ನು 1990ರಲ್ಲಿ ಪ್ರಕಟಿಸಿದರು.

ಇಷ್ಟು ಸಣ್ಣ ಕಣವನ್ನು ಬರಿಯ ಸೂಜಿಗಲ್ಲು ಎಳೆಯಲಾರದು. ಆದುದರಿಂದ ಕಬ್ಬಿಣದ ಸಣ್ಣ ಗುಂಡುಗಳನ್ನು ತುಂಬಿದ ಒಂದು ಕೊಳವೆಯನ್ನು ಬಲವಾದ ಅಯಸ್ಕಾಂತದ ನಡುವೆ ಇಡುತ್ತಾರೆ. ಆಗ ಗುಂಡುಗಳ ಸುತ್ತಲೂ ಆಕರ್ಷಣೆಯು ಬಹುಪಾಲು ವೃದ್ಧಿಯಾಗುತ್ತದೆ. ಕೋಶಗಳ ದ್ರವವನ್ನು ಹರಿಸಿದರೆ ಆಭರಣ ತೊಟ್ಟವು ಅಲ್ಲಿಯೇ ನಿಲ್ಲುತ್ತವೆ, ತೊಡದವು ಹರಿದುಹೋಗುತ್ತವೆ. ಬಳಿಕ ಅಯಸ್ಕಾಂತವನ್ನು ದೂರಮಾಡಿ ತೊಳೆದರೆ ನಿಂತವು ಬೇರೊಂದು ನಳಿಕೆಗೆ ಬರುತ್ತವೆ. ಈ ಕೆಲಸವನ್ನೆಲ್ಲ ಮನುಷ್ಯನ ಕೈ ಸೋಕದಂತೆ ಯಂತ್ರವೇ ಮಾಡುತ್ತದೆ. ಒಂದು ನಳಿಕೆಯಲ್ಲಿ ಮಿಶ್ರಣವನ್ನಿಟ್ಟು ಗುಂಡಿಯನ್ನೊತ್ತಿದರೆ, ಕೆಲವೇ ನಿಮಿಷಗಳಲ್ಲಿ ಆಯ್ದವು ಒಂದರಲ್ಲಿ, ಉಳಿದವು ಇನ್ನೊಂದರಲ್ಲಿ.

ಕಣಾದಮಹರ್ಷಿಯ ವೈಶೇಷಿಕಸೂತ್ರಗಳಲ್ಲಿ ಸೂಜಿಯು ಅಯಸ್ಕಾಂತದೆಡೆಗೆ ಸರಿಯುವುದಕ್ಕೆ 'ಅದೃಷ್ಟ'ವು ಕಾರಣವೆಂದು ಹೇಳಿದೆ. ಕಾಣದ ಕಾರಣವೆಂದು ಅದರ ಅರ್ಥ. ಮೂವತ್ತು ವರ್ಷ ಈ ಸೂತ್ರವನ್ನು ಬಲ್ಲೆವೆಂದುಕೊಂಡಿದ್ದ ನಮಗೆ, ಆ ಕಾಣದ ಬಲವು ಕಾಣದ ಕೋಶಗಳನ್ನು ಆರಿಸುವುದನ್ನು ನೋಡಿದಾಗ ಮೈ ನವಿರೆದ್ದಿತು.

ಇದರಿಂದ ಗೃಹಸ್ಥರಿಗೇನು ಪ್ರಯೋಜನವೆಂದು ಕೇಳಬಹುದು. ಇದೇ ತತ್ತ್ವದ ದೊಡ್ಡ ಯಂತ್ರಗಳು ಚಿಕಿತ್ಸೆಯಲ್ಲಿಯೂ ಬಳಕೆಯಲ್ಲಿವೆ. ಅಸ್ಥಿಮಜ್ಜೆ ಕೆಟ್ಟ ಮಗುವಿಗೆ ಪೂರ್ಣವಾಗಿ ಹೊಂದುವ ದಾನಿ ದೊರೆಯದಿದ್ದಾಗ, ಅರ್ಧ ಮಾತ್ರ ಹೊಂದುವ ತಾಯಿಯದನ್ನೋ ತಂದೆಯದನ್ನೋ ಕೊಡುವುದುಂಟು. ಆದರೆ ಅದರೊಡನೆ ಹೋದ ಟಿ ಕೋಶಗಳು ಮಗುವಿನ ದೇಹವನ್ನೇ ಪರಕೀಯವೆಂದು ಬಗೆದು ಆಕ್ರಮಿಸುವ ಭಯವಿರುತ್ತದೆ. ಅಂತಹ ಕೋಶಗಳನ್ನು ಸೂಜಿಗಲ್ಲಿನಿಂದ ಮುಂಚೆಯೇ ತೆಗೆದುಹಾಕಿದರೆ ಆ ಭಯವು ಬಹುಮಟ್ಟಿಗೆ ಇಳಿಯುತ್ತದೆ.

ಇನ್ನು ಪ್ರಸಂಗಕ್ಕೆ ಬರೋಣ. ಆ ಯಂತ್ರವು ಒಬ್ಬರ ಸ್ವತ್ತಲ್ಲ. ಬೆಲೆ ಹೆಚ್ಚಾದುದರಿಂದ ಹಲವು ತಂಡಗಳಿಗೆ ಅದೊಂದೇ. ಮುಂಚಿತವಾಗಿ ಹೊತ್ತನ್ನು ಕಾದಿರಿಸಿಕೊಳ್ಳಬೇಕು. ಕೋಶಗಳ ಗಂಟುಗಳು ಕೊಳವೆಯನ್ನು ಮುಚ್ಚದಂತೆ ಮಿಶ್ರಣವನ್ನು ಸೂಕ್ಷ್ಮವಾದ ಬಲೆಯಲ್ಲಿ ಸೋಸಿಯೇ ಇಡಬೇಕು. ಕೆಲಸವಾದ ಮೇಲೆ ತೊಳೆಯಬೇಕು. ದಿನದ ಕೊನೆಗೆ ಬಂದವರು ಒಳಗಿನ ಕೊಳವೆಗಳಲ್ಲಿ ನೂರಕ್ಕೆ 70ರ ಮದ್ಯಸಾರವನ್ನು ತುಂಬಿಸಿಡಬೇಕು. ಎಲ್ಲವನ್ನೂ ಪಕ್ಕದ ಪುಸ್ತಕದಲ್ಲಿ ಬರೆದು ರುಜು ಹಾಕಬೇಕು. ಹಿಂದಿನ ಸಾಯಂಕಾಲದ ಸಾಲಿನಲ್ಲಿ "ತೊಳೆದಿದೆ" ಎಂಬುದು ಸ್ಪಷ್ಟವಾಗಿಯೇ ಇದ್ದಿತು. ಅದನ್ನು ನೋಡಿ ನಮ್ಮ ಹುಡುಗಿ ಮಗುವಿನ ಕೋಶಗಳನ್ನು ಯಂತ್ರಕ್ಕೆ ಕೊಟ್ಟಳು.

ಅರ್ಧ ಹರಿದಿತ್ತೋ ಇಲ್ಲವೋ, ಯಂತ್ರವು ತಟಸ್ಥವಾಯಿತು. ಕೊಳವೆ ಕಟ್ಟಿತ್ತು. ಬಿಚ್ಚಿ ನೋಡಿದರೆ, ಹಿಂದಿನವರ ಮಿಶ್ರಣವು ಸೋಸದೆ ಹೋಗಿತ್ತು. ತೊಳೆದದ್ದು ಬರವಣಿಗೆಯಲ್ಲಿ ಮಾತ್ರ. ಹೊರಬಂದ ಅರ್ಧದಲ್ಲಿಯೂ ಅನ್ಯರ ಕೋಶಗಳು ಬೆರೆತಿರಬಹುದೆಂಬ ಶಂಕೆ ಬಂದ ಮೇಲೆ ಅದನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ. "ಇನ್ನೊಮ್ಮೆ ಕೇಳಿದರಾಗದೆ ಅಮ್ಮಾ?" ಎಂದೆವು. "ಚಿಕಿತ್ಸೆ ದಿನದಿನಕ್ಕೂ ಮುಂದುವರಿಯುತ್ತೆ ಮಾವ. ಈವತ್ತಿನ ರಕ್ತ ನಾಳೆ ಸಿಗೋದಿಲ್ಲ. ಆ ಮಗುವಿಗೆ ಮತ್ತೆ ಸೂಜಿ ಚುಚ್ಚಿ ಅನ್ನೋಕೆ ನನಗೆ ಬಾಯೂ ಬರೋದಿಲ್ಲ" ಎಂದಳು. ಅವಳ ಕಣ್ಣಿನಲ್ಲಿ ನೀರಿದ್ದಿತು; ಬಾಯಿಂದ ಒಂದು ಬಿರುನುಡಿಯೂ ಬರಲಿಲ್ಲ.

ಹಾಜರಿ ಪುಸ್ತಕವನ್ನು ದಶಕಗಳ ಕಾಲ ಬರೆದ ನಮಗೆ ಆ ಒಂದು ಪದವು ಮುಳ್ಳಿನಂತೆ ನೆಟ್ಟಿತು. ಬಾರದ ಹುಡುಗನನ್ನು ಬಂದನೆಂದು ಬರೆದರೆ ಸರ್ಕಾರದ ಲೆಕ್ಕ ಮಾತ್ರ ಕೆಟ್ಟೀತು. ಇಲ್ಲಿ ಬರೆದ ಸುಳ್ಳಿನಿಂದ, ಯಾರೆಂದೂ ಅರಿಯದ ತಾಯಿಯೊಬ್ಬಳ ಔದಾರ್ಯವು ಮಣ್ಣುಪಾಲಾಯಿತು. ಊರ ಬಾವಿಯ ಹಗ್ಗವನ್ನು ಒದ್ದೆಯಾಗಿ ಬಿಸುಟು ಹೋದವನಿಗೆ ಅದು ನಾಳೆ ಯಾರ ಕೈಯಲ್ಲಿ ಹರಿಯುವುದೆಂದು ಗೊತ್ತಿರುವುದಿಲ್ಲ.

ಮರುದಿನ ಬೆಳಗ್ಗೆ ಒಬ್ಬ ತರುಣನು ತಾನಾಗಿಯೇ ಅವಳಲ್ಲಿಗೆ ಬಂದನಂತೆ. ರೈಲಿಗೆ ಹೊತ್ತಾಯಿತೆಂದು ಬರೆದುಬಿಟ್ಟು ಓಡಿದೆನೆಂದು ಒಪ್ಪಿಕೊಂಡು, ಆ ಪದವನ್ನು ಎಲ್ಲರೆದುರಿಗೆ ಹೊಡೆದುಹಾಕಿ, "ತೊಳೆಯಲಿಲ್ಲ" ಎಂದು ತನ್ನ ಕೈಯಿಂದಲೇ ಬರೆದು ರುಜು ಹಾಕಿದನಂತೆ. ಹೋದ ರಕ್ತ ಬರಲಿಲ್ಲ. ಆದರೂ ಆ ತಿದ್ದುಪಡಿಯನ್ನು ಕೇಳಿ ನಮ್ಮ ಮನಸ್ಸು ಹಗುರಾಯಿತು.

ನಮ್ಮ ಹುಡುಗಿಯಾದರೋ ತನ್ನ ತಪ್ಪನ್ನೂ ಹೇಳಿಕೊಂಡಳು: ಪುಸ್ತಕವನ್ನು ನಂಬಿ ತಾನು ಯಂತ್ರವನ್ನು ಪರೀಕ್ಷಿಸಲಿಲ್ಲವೆಂದು. ಈಗ ಅವಳು ಕೆಲಸಕ್ಕೆ ಮುಂಚೆ ಒಮ್ಮೆ ತನಗಾಗಿ, ಕೆಲಸವಾದ ಮೇಲೆ ಒಮ್ಮೆ ಮುಂದೆ ಬರುವವರಿಗಾಗಿ, ಹೀಗೆ ಎರಡು ಸಲ ತೊಳೆಯುತ್ತಾಳೆ. ಯಂತ್ರವು ಕೋಶಗಳನ್ನು ಎಷ್ಟೇ ಚೆನ್ನಾಗಿ ಆರಿಸಿಕೊಡಲಿ, ಅದನ್ನು ತೊಳೆದಿಡುವ ಕೆಲಸವು ಮನುಷ್ಯನದಾಗಿಯೇ ಉಳಿದಿದೆ.