ರುಬೆಲ್ಲಾ: ಹೆಸರು ಸಣ್ಣದು, ಹಾನಿ ದೊಡ್ಡದು

ಮಸೂತಿ ಎಂದರೆ ಮಸೀದಿ ಎಂಬುದು ನಮ್ಮ ಭಾಗದಲ್ಲಿ ಸಣ್ಣ ಮಕ್ಕಳಿಗೂ ಗೊತ್ತು. ಆದರೆ ತಾಯಿ ಕಾರ್ಡಿನಲ್ಲಿ ಬರೆದಿರುವ 'ಎಂ.ಆರ್.' ಲಸಿಕೆಯ ಅರ್ಥ ಕೇಳಿದರೆ ದೊಡ್ಡವರೂ ಸುಮ್ಮನಾಗುತ್ತಾರೆ. 'ಎಂ' ಎಂದರೆ ಮೀಸಲ್ಸ್, ಅಂದರೆ ದಡಾರ. ನಮ್ಮ ಕಡೆ ಅದನ್ನು ಗೊಬ್ಬರ ಎನ್ನುತ್ತಾರೆ, ಉರ್ದುವಿನಲ್ಲಿ ಖಸ್ರಾ. 'ಆರ್' ಎಂದರೆ ರುಬೆಲ್ಲಾ. ನಮ್ಮ ಮನೆಯಲ್ಲಿ ಇದಕ್ಕೆ ಬೇರೆ ಹೆಸರೇ ಇಲ್ಲ. ಮೈಮೇಲೆ ಕೆಂಪು ಗುಳ್ಳೆ ಎದ್ದರೆ ಎಲ್ಲವೂ ಖಸ್ರಾ.

ರುಬೆಲ್ಲಾ ಲ್ಯಾಟಿನ್ ಭಾಷೆಯ ಪದ. 'ರೂಬರ್' ಎಂದರೆ ಕೆಂಪು. ಅದರಿಂದ ಬಂದ 'ರುಬೆಲ್ಲಾ' ಎಂದರೆ ಸ್ವಲ್ಪ ಕೆಂಪಾದದ್ದು. ರೂಬಿ ಹರಳಿನ ಹೆಸರಿಗೂ ಇದೇ ಮೂಲ.

ಸಿಡುಬು ಬೇರೆ, ದಡಾರ ಬೇರೆ ಎಂದು ಸಾವಿರ ವರ್ಷಗಳ ಹಿಂದೆಯೇ ವೈದ್ಯ ಅಲ್-ರಾಝಿ ಅರಬ್ಬಿಯಲ್ಲಿ ಗ್ರಂಥ ಬರೆದಿದ್ದರು. ಆದರೆ ರುಬೆಲ್ಲಾವನ್ನು ದಡಾರದಿಂದ ಬೇರೆ ಮಾಡಿ ನೋಡಲು 18ನೇ ಶತಮಾನದವರೆಗೆ ಕಾಯಬೇಕಾಯಿತು. ಅದನ್ನು ಮೊದಲು ವಿವರಿಸಿದವರು ಜರ್ಮನಿಯ ವೈದ್ಯರು. ಆದ್ದರಿಂದ ಇದಕ್ಕೆ 'ಜರ್ಮನ್ ದಡಾರ' ಎಂಬ ಹೆಸರು ಬಂತು. ಅರಬ್ಬಿಯಲ್ಲಿಯೂ ಇದು 'ಹಸ್ಬಾ ಅಲ್ಮಾನಿಯಾ', ಅಂದರೆ ಜರ್ಮನ್ ದಡಾರವೇ.

ಈಗಿನ ಹೆಸರಿಗೂ ನಮ್ಮ ದೇಶಕ್ಕೂ ಸಂಬಂಧವಿದೆ. ಹೆನ್ರಿ ವೀಲ್ ಎಂಬ ಬ್ರಿಟಿಷ್ ಸೇನಾ ವೈದ್ಯರು ಭಾರತದ ಒಂದು ಹುಡುಗರ ಶಾಲೆಯಲ್ಲಿ ಈ ರೋಗ ಹರಡಿದ್ದನ್ನು ಕಂಡು, 1866ರಲ್ಲಿ ಅದರ ಬಗ್ಗೆ ಲೇಖನ ಬರೆದರು. ರೋಗದ ಜರ್ಮನ್ ಹೆಸರು 'ರೋಟೆಲ್ನ್' ಬೇರೆಯವರ ನಾಲಿಗೆಗೆ ಕಷ್ಟವಾಗಿತ್ತು. ಚಿಕ್ಕದಾಗಿ, ಹೇಳಲು ಸುಲಭವಾಗಿ ಇರಲಿ ಎಂದು ಅವರು 'ರುಬೆಲ್ಲಾ' ಎಂಬ ಹೆಸರು ಸೂಚಿಸಿದರು. ಅದೇ ಉಳಿಯಿತು.

ಹೆಸರಿನಂತೆಯೇ ರೋಗವೂ ಮೇಲ್ನೋಟಕ್ಕೆ ಸಣ್ಣದು. ಸಣ್ಣ ಜ್ವರ, ಕಿವಿಯ ಹಿಂದೆ ಗಂಟು, ಮೂರು ದಿನ ಕೆಂಪು ಗುಳ್ಳೆ, ಆಮೇಲೆ ವಾಸಿ. ಆದರೆ ನಾವು ವಾಣಿಜ್ಯದವರು. ಖಾತೆಯ ಹೆಸರು ನೋಡಿದರೆ ಸಾಲ ಎಷ್ಟಿದೆ ಎಂದು ತಿಳಿಯುವುದಿಲ್ಲ, ಪುಟ ತೆರೆದು ಬಾಕಿ ನೋಡಬೇಕು. ಈ ರೋಗದ ಬಾಕಿಯನ್ನು ಕಂಡುಹಿಡಿದವರು ಆಸ್ಟ್ರೇಲಿಯಾದ ಕಣ್ಣಿನ ವೈದ್ಯ ನಾರ್ಮನ್ ಗ್ರೆಗ್. 1941ರಲ್ಲಿ ಅವರು ಹುಟ್ಟುವಾಗಲೇ ಕಣ್ಣಿನ ಪೊರೆ ಇದ್ದ 78 ಶಿಶುಗಳ ಬಗ್ಗೆ ವರದಿ ಮಾಡಿದರು. ಅವರಲ್ಲಿ 68 ಮಕ್ಕಳ ತಾಯಂದಿರಿಗೆ ಗರ್ಭಿಣಿಯಾಗಿದ್ದಾಗ ರುಬೆಲ್ಲಾ ಬಂದಿತ್ತು. ತಾಯಿಯ ಮೈಮೇಲಿನ ಕೆಂಪು ಮೂರು ದಿನಕ್ಕೆ ಹೋಗುತ್ತದೆ. ಹೊಟ್ಟೆಯಲ್ಲಿರುವ ಮಗುವಿಗೆ ಮಾತ್ರ ಕುರುಡು, ಕಿವುಡು, ಹೃದಯದ ದೋಷ ಜೀವನಪೂರ್ತಿ ಉಳಿಯಬಹುದು. ಕೆಲವೊಮ್ಮೆ ಮಗು ಹೊಟ್ಟೆಯಲ್ಲಿಯೇ ತೀರಿಹೋಗುತ್ತದೆ. ಮೊದಲ ಮೂರು ತಿಂಗಳಲ್ಲಿ ಅಪಾಯ ಅತಿ ಹೆಚ್ಚು.

2017ರ ಫೆಬ್ರವರಿಯಲ್ಲಿ ಕರ್ನಾಟಕದಲ್ಲಿ 9 ತಿಂಗಳಿನಿಂದ 15 ವರ್ಷದೊಳಗಿನ ಎಲ್ಲ ಮಕ್ಕಳಿಗೆ ಎಂ.ಆರ್. ಲಸಿಕೆ ಹಾಕಿದರು. ನಾನು ಆಗ ಮೂರನೆಯ ತರಗತಿ. ಈ ಸೂಜಿ ಮಾಡಿಸಿಕೊಂಡರೆ ಮುಂದೆ ಮಕ್ಕಳಾಗುವುದಿಲ್ಲ ಎಂಬ ಸಂದೇಶ ಮೊಬೈಲಿನಿಂದ ಮೊಬೈಲಿಗೆ ಓಡಾಡುತ್ತಿತ್ತು. ಅಬ್ಬಾ ಅದನ್ನು ಓದಿ ಬೇಡವೆಂದರು. ಅಮ್ಮಿ ಆಶಾ ಕಾರ್ಯಕರ್ತೆಯನ್ನೇ ಮನೆಗೆ ಕರೆದು ಕೇಳಿದರು. "ಮುಂದ ಹುಟ್ಟೋ ಕೂಸಿನ ಕಣ್ಣು ಉಳಿಸಾಕ ಈ ಸೂಜಿ ಐತ್ರಿ" ಎಂದರು ಅವರು. ಮರುದಿನ ನಾವು ಮೂವರೂ ಮಕ್ಕಳು ಲಸಿಕೆ ಹಾಕಿಸಿಕೊಂಡೆವು. ಹುಟ್ಟಲಿರುವ ಮಕ್ಕಳನ್ನು ಕಾಯುವ ಲಸಿಕೆಗೇ ಮಕ್ಕಳಾಗದಂತೆ ಮಾಡುತ್ತದೆ ಎಂಬ ಅಪವಾದ ಬಂದದ್ದು ಎಂಥ ವಿಪರ್ಯಾಸ!

ಹುಡುಗರಿಗೇಕೆ ಈ ಲಸಿಕೆ ಎಂದು ಕೆಲವರು ಕೇಳುತ್ತಾರೆ. ರುಬೆಲ್ಲಾ ಕೆಮ್ಮು, ಸೀನಿನಿಂದ ಹರಡುತ್ತದೆ. ಅಣ್ಣ ಹೊರಗಿನಿಂದ ತಂದ ಸೋಂಕು ಮನೆಯಲ್ಲಿರುವ ಗರ್ಭಿಣಿ ಅತ್ತಿಗೆಗೆ ತಗಲಬಹುದು. ರೋಗ ಬಂದ ಮೇಲೆ ಅದಕ್ಕೆಂದೇ ಔಷಧಿ ಇಲ್ಲ, ಲಸಿಕೆಯೊಂದೇ ದಾರಿ.

ಈಗ ಮಗುವಿಗೆ 9 ತಿಂಗಳು ತುಂಬಿದ ಮೇಲೆ ಒಂದು, 16ರಿಂದ 24 ತಿಂಗಳೊಳಗೆ ಇನ್ನೊಂದು ಎಂ.ಆರ್. ಲಸಿಕೆಯನ್ನು ಸರಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಹಾಕುತ್ತಾರೆ. ನಿಮ್ಮ ಮನೆಯ ಚಿಕ್ಕ ಮಕ್ಕಳ ಕಾರ್ಡ್ ತೆರೆದು ಈ ಎರಡೂ ಆಗಿವೆಯೇ ನೋಡಿರಿ. ನಿಮ್ಮ ಅಕ್ಕ, ಆಪಾಗೆ ಮದುವೆ ಗೊತ್ತಾಗಿದ್ದು, ಲಸಿಕೆ ಆದ ನೆನಪಿಲ್ಲದಿದ್ದರೆ ಈಗಲೇ ವೈದ್ಯರನ್ನು ಕೇಳಲು ಹೇಳಿರಿ. ಗರ್ಭಿಣಿಯಾದ ಮೇಲೆ ಈ ಲಸಿಕೆ ಹಾಕುವಂತಿಲ್ಲ, ಹಾಕಿಸಿಕೊಂಡ ಮೇಲೆಯೂ ಒಂದು ತಿಂಗಳು ಕಾಯಬೇಕು. ಆದ್ದರಿಂದ ವಿಚಾರಿಸುವ ಕೆಲಸ ಮದುವೆಗೆ ಮುಂಚೆಯೇ ಆಗಲಿ.